ಸಂಬಳದ ಸುದ್ದಿಯಲ್ಲಿ ಮರ ಏರುವವರ ಮಾತು ಯಾಕಿಲ್ಲ?

ಬದಿಯಡ್ಕದ ಮಗಳು:
ನಮ್ಮದು ಕೇರಳದ ಕಾಸರಗೋಡು ಕಡೆ. ನನ್ನ ಅಪ್ಪ 28 ವರ್ಷದಿಂದ ಅಡಿಕೆ ಮರ ಏರುವವರು. ಮಳೆಗಾಲಕ್ಕೆ ಅಡಿಕೆ ಕೊಳೆಯದ ಹಾಗೆ ಮದ್ದು ಬಿಡುವುದು, ಆಮೇಲೆ ಕೊಯ್ಲು. ಈಗೀಗ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಬೆಳಗ್ಗೆ ಚಹಾದ ಹೊತ್ತಿಗೆ ಪೇಪರ್ ಓದಿ ಹೇಳುವುದು ನಾನು. ಕಳೆದ ವಾರ ‘ಸಂಬಳ ದುಬಾರಿ, ಕೃಷಿಕ ಕಂಗಾಲು’ ಅಂತ ಅರ್ಧ ಪುಟ ಬಂದಿತ್ತು. ನಾಲ್ಕು ಜನ ತೋಟದವರ ಮಾತು ಉಂಟು. ಮರ ಏರುವ ಒಬ್ಬರನ್ನೂ ಕೇಳಿಲ್ಲ. ಫೋಟೊದಲ್ಲಿ ಮರದ ತುದಿಯಲ್ಲಿ ಒಬ್ಬರಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು.

ಅಪ್ಪ ಏನೂ ಹೇಳಲಿಲ್ಲ. ಲೋಟ ಕೆಳಗಿಟ್ಟು ಪಾದ ಉಜ್ಜಿಕೊಂಡರು. ಮರ ಏರುವಾಗ ಪಾದಕ್ಕೆ ಹಾಕುವ ತಳೆ (ಬಳೆಯಂಥ ಹಗ್ಗ) ತಾಗಿ ತಾಗಿ ಅಲ್ಲಿ ಚರ್ಮ ಅಡಿಕೆ ಹಾಳೆಯ ಹಾಗೆ ದಪ್ಪಗಟ್ಟಿದೆ.

ಸಂಬಳ ಏರಿದ್ದು ಸುಳ್ಳಲ್ಲ. ಆದರೆ ಮಳೆ ಬಂದರೆ ಮರ ಜಾರುತ್ತದೆ, ಆ ದಿನ ಕೆಲಸ ಇಲ್ಲ. ಎರಡು ವರ್ಷದ ಹಿಂದೆ ಬಿದ್ದು ಭುಜ ಮುರಿದಾಗ ಮೂರು ತಿಂಗಳು ಒಂದು ರೂಪಾಯಿ ಬರಲಿಲ್ಲ. ಇದನ್ನು ಪೇಪರಿನವರಿಗೆ ಮುಟ್ಟಿಸುವುದು ಹೇಗೆ?

ಮುಳ್ಳೇರಿಯದ ಕೃಷಿಕ:
ತಂಗಿ, ನಾನು ಒಂದೂವರೆ ಎಕರೆಯವ. ಕಳೆದ ಮಳೆಗಾಲ ಎರಡನೇ ಮದ್ದಿಗೆ ಜನ ಸಿಗಲಿಲ್ಲ. ಮದ್ದಿಗೆ ಅಂತ ಮೈಲುತುತ್ತು, ಸುಣ್ಣ ತಂದಿಟ್ಟದ್ದು ಕೊಟ್ಟಿಗೆಯಲ್ಲೇ ಉಳಿಯಿತು, ಮಹಾಳಿ (ಕೊಳೆರೋಗ) ಬಂದು ಅರ್ಧ ಫಸಲು ಉದುರಿತು. ನಮ್ಮ ಕಷ್ಟವೂ ನಿಜ. ಆದರೂ ಆ ವರದಿ ನನಗೂ ಸರಿ ಕಾಣಲಿಲ್ಲ. 2021ರಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 400 ರೂಪಾಯಿ ದಾಟಿದ್ದನ್ನು ಮರೆತು ಸಂಬಳ ಏರಿದ್ದನ್ನು ಮಾತ್ರ ಬರೆದರೆ ಅದು ಯಾವ ಲೆಕ್ಕ?

ಕುಂಬಳೆಯ ಬಿಡಿ ವರದಿಗಾರ:
ಇದ್ದದ್ದನ್ನು ಹೇಳುತ್ತೇನೆ. ನನಗೆ ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ. ಚಂದಾದಾರರು ತೋಟದವರು, ಶ್ರದ್ಧಾಂಜಲಿಯ ಜಾಹೀರಾತು ಕೊಡುವವರೂ ಅವರೇ. ಸಂಜೆಯೊಳಗೆ ಸುದ್ದಿ ಕಳಿಸಬೇಕಾದರೆ ಫೋನಿನಲ್ಲಿ ನಂಬರ್ ಇದ್ದವರನ್ನೇ ಕೇಳುವುದು. ಮರ ಏರುವವರ ನಂಬರ್ ನನ್ನಲ್ಲಿ ಒಂದೂ ಇಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದರೆ ನಾವು ಬಿಡದೆ ಬರೆಯುತ್ತೇವೆ, ಬರೆಯಲೇಬೇಕು. ನಿಮ್ಮ ಅಪ್ಪನೂ ಕನ್ನಡದವರೇ ಅಲ್ವಾ, ಅವರನ್ನು ಬಿಟ್ಟದ್ದು ನಮ್ಮ ತಪ್ಪು.

ರಿಸರ್ವ್ ಬ್ಯಾಂಕಿನ ಕೈಪಿಡಿಯಲ್ಲಿ 2022-23ಕ್ಕೆ ಕೇರಳದ ಗಂಡಸರ ಕೃಷಿ ಕೂಲಿ ದಿನಕ್ಕೆ ಸರಾಸರಿ 764 ರೂಪಾಯಿ, ದೇಶದ ಸರಾಸರಿ ಅದರ ಅರ್ಧಕ್ಕಿಂತ ಕಡಿಮೆ. ನಾವು ಎತ್ತಿ ಬರೆಯುವುದು ಇಂಥದ್ದನ್ನೇ. ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು ಅಂತ ಕೇಳುವುದಿಲ್ಲ. ಅಪ್ಪನಲ್ಲಿ ಆ ಲೆಕ್ಕ ಉಂಟಾ?

ಬದಿಯಡ್ಕದ ಮಗಳು:
ಉಂಟು ಅಣ್ಣ. ಕೆಲಸಕ್ಕೆ ಹೋದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಾರೆ. ಈಗಲೇ ಎಣಿಸಿದೆ. ಮೇ ತಿಂಗಳಲ್ಲಿ 21, ಜೂನಿನಲ್ಲಿ 9, ಜುಲೈಯಲ್ಲಿ 6. ಫೋಟೊ ತೆಗೆದು ಕಳಿಸುತ್ತೇನೆ. ಭಾನುವಾರ ಅಪ್ಪ ಮನೆಯಲ್ಲೇ ಇರುತ್ತಾರೆ, ನೀವು ಬನ್ನಿ.