ಒಂದೇ ಡಬ್ಬಿಯಲ್ಲಿ ಮೂರು ಲೇಬಲ್ಲು, ಯಾವುದನ್ನ ನಂಬೋದು?

ಡ್ರಾಯರ್_ಕೀಲಿ:
ಎಲ್ರಿಗೂ ನಮಸ್ಕಾರ. ಒಂದು ಹಳೇ ಮ್ಯೂಸಿಯಂ ಸಂಗ್ರಹದ ಚಿಪ್ಪುಗಳ ಮಾಹಿತಿನ ಕಂಪ್ಯೂಟರ್‌ಗೆ ಏರಿಸೋ ಕೆಲಸ ಮಾಡ್ತಿದೀನಿ, ಎರಡು ತಿಂಗಳಾಯ್ತು. ಇಲ್ಲೀತನಕ ಹೇಗೋ ನಡೀತಿತ್ತು, ನಿನ್ನೆ ಒಂದು ಡಬ್ಬಿ ತಲೆ ಕೆಡಿಸ್ತು. ಒಳಗೆ ನಾಲ್ಕು ಮರಿ ಶಂಖ, ಹೆಬ್ಬೆರಳುದ್ದದ್ದು. ಅವುಗಳ ಕೆಳಗೆ ಮೂರು ಲೇಬಲ್ಲು ಒಂದರ ಮೇಲೊಂದು ಇವೆ. ತಳದಲ್ಲಿರೋದು ಕಂದು ಮಸಿಲಿ ಕೈಬರಹ, ಟರ್ಬಿನೆಲ್ಲಾ ಅಂತ ಇದೆ, ಪಕ್ಕದಲ್ಲಿ 41 ಅಂತ ಒಂದು ನಂಬರು. ಮಧ್ಯದ್ದು ಟೈಪ್‌ರೈಟರ್‌ದು, ಅದರಲ್ಲಿ ಕ್ಸಾಂಕಸ್ ಪೈರಮ್. ಮೇಲಿನದು ಪ್ರಿಂಟ್ ಆಗಿರೋ ಹೊಸದು, ಮತ್ತೆ ಟರ್ಬಿನೆಲ್ಲಾ ಪೈರಮ್! ಅಂದ್ರೆ ಮೊದಲು ಸರಿ ಇತ್ತು, ಮಧ್ಯದಲ್ಲಿ ಯಾರೋ ತಪ್ಪು ಗುರುತಿಸಿದ್ರು, ಆಮೇಲೆ ಇನ್ಯಾರೋ ತಿದ್ದಿದ್ರು ಅಂತಾನಾ? ಆ 41ನ್ನ ಏನ್ಮಾಡ್ಲಿ? ಹಳೇ ಎರಡು ಲೇಬಲ್ ತೆಗೆದು ಫೈಲಿಗೆ ಹಾಕಿದ್ರೆ ಡಬ್ಬಿ ನೀಟಾಗಿರತ್ತೆ ಅನ್ಸ್ತಿದೆ.

ಕಡಲಕೌಡೆ:
ದಯವಿಟ್ಟು ತೆಗೀಬೇಡಿ!! ಮೊದಲು ಅದೊಂದು ಮಾತು ಕೊಡಿ, ಉಳಿದಿದ್ದು ಆಮೇಲೆ.

ಮಧ್ಯದವರು ತಪ್ಪು ಮಾಡಿಲ್ಲ. ಮೂರೂ ಒಂದೇ ಶಂಖದ ಹೆಸರು. ಲಿನಿಯಸ್ ಇದನ್ನ ಮೊದಲು ವೊಲ್ಯೂಟಾ ಪೈರಮ್ ಅಂತ ಕರೆದಿದ್ದ, ಆಗ ವೊಲ್ಯೂಟಾ ಅನ್ನೋದು ಸಿಕ್ಕಿದ್ದೆಲ್ಲ ತುರುಕೋ ಚೀಲದ ಥರ ಇತ್ತು. ಲಾಮಾರ್ಕ್ 1799ರಲ್ಲಿ ಟರ್ಬಿನೆಲ್ಲಾ ಅನ್ನೋ ಜೀನಸ್ ಮಾಡಿದ, ಜೀನಸ್ ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು, ಹೆಸರಿನ ಮೊದಲನೇ ಪದ ಅದೇ. ಆಮೇಲೆ ಜನಕ್ಕೆ ಗೊತ್ತಾಗಿದ್ದು ಏನಂದ್ರೆ ರೋಡಿಂಗ್ 1798ರಲ್ಲೇ ಕ್ಸಾಂಕಸ್ ಅಂತ ಹೆಸರಿಟ್ಟಿದ್ದ, ಒಂದೇ ಒಂದು ವರ್ಷ ಮುಂಚೆ, ಮೊದಲು ಇಟ್ಟ ಹೆಸರಿಗೇ ಹಕ್ಕು ಅನ್ನೋ ನಿಯಮ ಹಿಡ್ಕೊಂಡು ಇಪ್ಪತ್ತನೇ ಶತಮಾನದಲ್ಲಿ ಸುಮಾರು ಜನ ಲೇಬಲ್ಲನ್ನೆಲ್ಲಾ ಕ್ಸಾಂಕಸ್‌ಗೆ ಬದಲಾಯಿಸಿದ್ರು. ಕೊನೆಗೆ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಆಯೋಗ ಟರ್ಬಿನೆಲ್ಲಾನೇ ಇರಲಿ ಅಂತ ತೀರ್ಮಾನ ಮಾಡ್ತು. ಹಾಗಾಗಿ ನಿಮ್ಮ ಟೈಪ್‌ರೈಟರ್ ಲೇಬಲ್ ಒಂಥರಾ ಕ್ಯಾಲೆಂಡರ್ ಇದ್ದಂಗೆ, ಯಾವ ಕಾಲದಲ್ಲಿ ಯಾರೋ ಈ ಡ್ರಾಯರ್ ಮುಟ್ಟಿದ್ರು ಅಂತ ಅದೇ ಹೇಳತ್ತೆ. ಅದನ್ನ ಕಿತ್ತು ಫೈಲಿಗೆ ಹಾಕಿದ್ರೆ ಫೈಲು ಒಂದ್ಕಡೆ ಶಂಖ ಒಂದ್ಕಡೆ, ಹತ್ತು ವರ್ಷದ ಮೇಲೆ ಯಾವುದು ಯಾವುದರದ್ದು ಅಂತ ದೇವರೇ ಬಂದು ಹೇಳ್ಬೇಕು.

ಇನ್ನೊಂದು, ಹೊಸ ಲೇಬಲ್‌ನಲ್ಲಿ ಲಿನಿಯಸ್ ಹೆಸರು, ವರ್ಷ ಬ್ರಾಕೆಟ್ ಒಳಗಿದ್ಯಾ ನೋಡಿ. ಬ್ರಾಕೆಟ್ ಇದ್ರೆ ಆತ ಇಟ್ಟಾಗ ಜೀನಸ್ ಬೇರೆ ಇತ್ತು, ಆಮೇಲೆ ಬೇರೆ ಗುಂಪಿಗೆ ಹೋಯ್ತು ಅಂತ ಅರ್ಥ. ಕವಡೆನೂ ಹಂಗೇ, ಸೈಪ್ರಿಯಾ ಮೊನೆಟಾ ಇದ್ದಿದ್ದು ಮೊನೆಟೇರಿಯಾ ಮೊನೆಟಾ ಆದ್ಮೇಲೆ ಬ್ರಾಕೆಟ್ ಬಂತು.

ಸಿಂಪಲ್_ಸಿದ್ದ:
ಇಷ್ಟೆಲ್ಲಾ ಯಾಕೆ ಗುರು, ಆನ್‌ಲೈನ್ ಡೇಟಾಬೇಸ್‌ನಲ್ಲಿ ಇವತ್ತಿನ ಹೆಸರು ನೋಡಿ ಹಾಕು, ಅದರ ಪ್ರಕಾರ ಡ್ರಾಯರ್ ಜೋಡಿಸು, ಮುಗೀತು. ಸಾವಿರಾರು ಡಬ್ಬಿ ಇರುವಾಗ ಒಂದೊಂದಕ್ಕೂ ಪುರಾಣ ಓದ್ತಾ ಕೂತ್ರೆ ಈ ಜನ್ಮದಲ್ಲಿ ಮುಗಿಯಲ್ಲ.

ಹಳೇ_ಕಪಾಟು:
ಸಿದ್ದ ಅವರೇ, ಕಂಪ್ಯೂಟರಲ್ಲಿ ಇವತ್ತಿನ ಹೆಸರು ಹಾಕೋದು ಸರಿನೇ, ಆದ್ರೆ ಅದಕ್ಕೋಸ್ಕರ ಡ್ರಾಯರ್ ಕದಲಿಸೋದು ಇದ್ಯಲ್ಲ ಅಲ್ಲೇ ಅನಾಹುತ ಆಗೋದು. ಕೋನಸ್ ಚಿಪ್ಪುಗಳ ಕಥೆ ನೋಡಿ, 2009ರಲ್ಲಿ ಒಂದು ವರ್ಗೀಕರಣ ಬಂತು, ಒಂದು ಗುಂಪನ್ನ ಒಡೆದು ಜೀನಸ್‌ಗಳ ರಾಶಿನೇ ಹಾಕಿದ್ರು, 2014ರಲ್ಲಿ ಡಿಎನ್ಎ ನೋಡಿದವರು ಇಲ್ಲ ಇಲ್ಲ ನಾಲ್ಕು ಜೀನಸ್ ಸಾಕು, ಮಿಕ್ಕಿದ್ದು ಬಹುಪಾಲು ಕೋನಸ್ಸೇ ಅಂದ್ರು. 2009ರಲ್ಲಿ ಉತ್ಸಾಹದಿಂದ ಟ್ರೇಗಳನ್ನೆಲ್ಲಾ ಹಂಚಿದ್ದವರು ಐದೇ ವರ್ಷಕ್ಕೆ ವಾಪಸ್ ಹೊತ್ಕೊಂಡು ಬರ್ಬೇಕಿತ್ತು. ಹೊತ್ತಾಗೆಲ್ಲಾ ಒಂದು ಲೇಬಲ್ ಜಾರತ್ತೆ, ಒಂದು ಚಿಪ್ಪು ಪಕ್ಕದ ಡಬ್ಬಿಗೆ ಉರುಳತ್ತೆ, ಅಷ್ಟೇ.

ಜಾರೋದು ಅಂದಾಗ ಕಮಿಂಗ್ ಸಂಗ್ರಹ ನೆನಪಾಗತ್ತೆ. ಹ್ಯೂ ಕಮಿಂಗ್ ಅಂತ, ದಕ್ಷಿಣ ಅಮೆರಿಕ, ಪೆಸಿಫಿಕ್, ಫಿಲಿಪ್ಪೀನ್ಸ್ ಎಲ್ಲಾ ಸುತ್ತಿ ಚಿಪ್ಪು ತಂದವನು, 1865ರಲ್ಲಿ ತೀರ್ಕೊಂಡ. ಮರುವರ್ಷ ಬ್ರಿಟಿಷ್ ಮ್ಯೂಸಿಯಂ 6,000 ಪೌಂಡ್ ಕೊಟ್ಟು ಅವನ ಸಂಗ್ರಹ ತಗೊಳ್ತು, ಸುಮಾರು 83,000 ಚಿಪ್ಪು. ಅದನ್ನ ಸಾಗಿಸುವಾಗ ಟ್ರೇಗಳನ್ನ ತೆರೆದ ಅಂಗಳದಲ್ಲಿ ಹೊತ್ಕೊಂಡು ಹೋದ್ರು, ಆವತ್ತು ಗಾಳಿ ಜೋರಿತ್ತು, ಚೀಟಿಗಳು ಹಾರಿಹೋದ್ವು ಅಂತ ಒಂದು ಕಥೆ ಚಿಪ್ಪಿನವರ ಮಧ್ಯೆ ಓಡಾಡತ್ತೆ. ಆಮೇಲೆ ಅವನ್ನ ಹಲಗೆ ಮೇಲೆ ಗೋಂದು ಹಾಕಿ ಅಂಟಿಸಿದ್ರು. ಗಾಳಿ ಕಥೆ ಬಿಡಿ, ನನಗೆ ಅದಕ್ಕಿಂತ ಕಾಡೋದು ಬೇರೆ. ಕಮಿಂಗ್‌ಗೆ ಅಂದದ ಹುಚ್ಚು, ಇರೋದಕ್ಕಿಂತ ಚೆನ್ನಾಗಿರೋ ಚಿಪ್ಪು ಸಿಕ್ಕಿದ್ರೆ ಹಳೇದನ್ನ ತೆಗೆದು ಆ ಜಾಗಕ್ಕೆ ಹೊಸದನ್ನ ಇಡ್ತಿದ್ದ. ಆ ಹಳೇದನ್ನ ನೋಡೇ ಯಾರೋ ಪ್ರಭೇದದ ವರ್ಣನೆ ಬರೆದಿರ್ತಾರೆ! ಗಾಳಿ ಹಾರಿಸಿದ್ದು ಗೊತ್ತಾಗತ್ತೆ, ಚೀಟಿ ಇರಲ್ಲ. ಕೈಯಾರೆ ಬದಲಾಯಿಸಿದ್ದು ಗೊತ್ತೇ ಆಗಲ್ಲ, ಲೇಬಲ್ ಸರಿ, ಜಾಗ ಸರಿ, ಒಳಗಿರೋ ಚಿಪ್ಪೇ ಬೇರೆ. ಅದಕ್ಕೇ ಇವತ್ತಿಗೂ ಅಲ್ಲಿನ ಎಷ್ಟೋ ಚಿಪ್ಪಿಗೆ ಟೈಪ್, ಅಂದ್ರೆ ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಚಿಪ್ಪು, ಅಂತ ಧೈರ್ಯವಾಗಿ ಹೇಳದೆ 'ಇರಬಹುದು' ಅಂತ ಬರೀತಾರೆ.

ಕೀಲಿ ಅವರೇ, ನಿಮ್ಮ 41ರ ವಿಷಯ. ಅದು ರಿಜಿಸ್ಟರ್ ನಂಬರೇ, ಅಂದ್ರೆ ಮ್ಯೂಸಿಯಂನ ದಾಖಲೆ ಪುಸ್ತಕದ ನಂಬರೇ ಅಂತ ಅಂದ್ಕೋಬೇಡಿ. ಲಿನಿಯಸ್ಸೇ ತನ್ನ ಎಷ್ಟೋ ಚಿಪ್ಪಿನ ಮೇಲೆ ಬರೆದಿದ್ದು ತನ್ನ ಪುಸ್ತಕದಲ್ಲಿ ಆ ಪ್ರಭೇದಕ್ಕಿದ್ದ ಕ್ರಮಸಂಖ್ಯೆ. ಅವನ ಸಂಗ್ರಹನ 1784ರಲ್ಲಿ ಸ್ಮಿತ್ ಅನ್ನೋ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಕೊಂಡ, ಆಮೇಲೆ ಬೇರೆ ಚಿಪ್ಪುಗಳೂ ಅದರಲ್ಲಿ ಸೇರ್ಕೊಂಡ್ವು, ಯಾವುದು ನಿಜವಾಗ್ಲೂ ಲಿನಿಯಸ್ಸಂದು ಅಂತ ಹ್ಯಾನ್ಲಿ ಅನ್ನೋ ಚಿಪ್ಪು ತಜ್ಞ 1855ರಲ್ಲಿ ಒಂದು ಪುಸ್ತಕನೇ ಬರೀಬೇಕಾಯ್ತು, ಅವನಿಗೆ ಮುಖ್ಯ ಸುಳಿವು ಆ ಸಂಖ್ಯೆಗಳೇ. ಹಾಗೆ ನಿಮ್ಮ 41 ಯಾವುದೋ ಕ್ಯಾಟಲಾಗ್‌ನ ಸಾಲಿರ್ಬಹುದು, ಡ್ರಾಯರ್ ನಂಬರಿರ್ಬಹುದು, ಮಾರಿದ ಅಂಗಡಿಯವನ ಪಟ್ಟಿದಿರ್ಬಹುದು. ರಿಜಿಸ್ಟರ್ ನಂಬರ್ ಸಾಮಾನ್ಯವಾಗಿ ಚಿಪ್ಪಿನ ಮೇಲೇ ಇರತ್ತೆ. ಬಾಯಿ ಕಡೆ ತಿರುಗಿಸಿ, ಒಳಗಿನ ತುಟಿ ಹತ್ರ ಟಾರ್ಚ್ ಬಿಟ್ಟು ಭೂತಗನ್ನಡಿ ಇಟ್ಟು ನೋಡಿ. ಹಾಗೇ ಬೆನ್ನ ಕಡೆ ಹಳೇ ಗೋಂದಿನ ಕಲೆ ಇದ್ಯಾ ನೋಡಿ.

ಕಡಲಕೌಡೆ:
ಇದಕ್ಕೊಂದು ಸೇರಿಸ್ತೀನಿ. ಕಪಾಟು ಯಾವಾಗ ಬದಲಾಯ್ತು ಅಂತಾನೂ ವಿಚಾರಿಸಿ. ಓಕ್ ಮರದ ಡ್ರಾಯರ್‌ನಿಂದ ಹುಳಿ ಆವಿ ಬಂದು ಚಿಪ್ಪಿನ ಮೇಲೆ ಬಿಳಿ ಪುಡಿ ಕೂರತ್ತೆ, ಬೈನ್ ಕಾಯಿಲೆ ಅಂತಾರೆ. ಬೈನ್ ಅನ್ನೋನು 1899ರಲ್ಲಿ ಇದರ ಬಗ್ಗೆ ಬರೆದಾಗ ಬ್ಯಾಕ್ಟೀರಿಯಾ ಕೆಲಸ ಅಂದ್ಕೊಂಡಿದ್ದ, ಹೆಸರು ಕಾಯಿಲೆ ಅಂತಾನೇ ಉಳ್ಕೊಂಡ್ತು, ಅಸಲಿಗೆ ಬರೀ ಆಮ್ಲ. ಆ ಭಯಕ್ಕೆ ಎಷ್ಟೋ ಕಡೆ ಮರದ ಕಪಾಟಿಂದ ಸ್ಟೀಲ್ ಕಪಾಟಿಗೆ ಸಾಮೂಹಿಕವಾಗಿ ವರ್ಗ ಮಾಡಿದ್ರು, ಹಲಗೆಯಿಂದ ಚಿಪ್ಪು ಬಿಡಿಸಿ ಹಲಗೆ ಎಸೆದ್ರು, ಹಲಗೆ ಹಿಂದೆ ಬರೆದಿದ್ದೂ ಅದರ ಜೊತೆ ಕಸಕ್ಕೆ ಹೋಯ್ತು.

ಡ್ರಾಯರ್_ಕೀಲಿ:
ನೋಡಿದೆ!! ಕೈ ನಡುಗ್ತಿತ್ತು ಸುಳ್ಳಲ್ಲ. ಮೂರು ಶಂಖದ ಒಳತುಟಿಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಪ್ಪು ಮಸಿಲಿ ಒಂದೇ ನಂಬರ್, ಮೂರಕ್ಕೂ ಬೆನ್ನ ಮೇಲೆ ಜೇನು ಬಣ್ಣದ ಗೋಂದಿನ ಕಲೆ. ಆ ನಂಬರ್ ಹಿಡ್ಕೊಂಡು ಹಳೇ ರಿಜಿಸ್ಟರ್ ತೆಗೆದೆ, ಸಾಲು ಸಿಕ್ತು, ಸಂಖ್ಯೆ ಕಾಲಂನಲ್ಲಿ ಸ್ಪಷ್ಟವಾಗಿ 3 ಅಂತ ಇದೆ. ಡಬ್ಬಿಲಿರೋದು ನಾಲ್ಕು. ನಾಲ್ಕನೇದ್ರಲ್ಲಿ ನಂಬರಿಲ್ಲ, ಕಲೆ ಇಲ್ಲ, ಮತ್ತೆ ಎಲ್ಲಕ್ಕಿಂತ ಅದೇ ಚೆಂದ, ತುದಿ ಒಂಚೂರೂ ಸವೆದಿಲ್ಲ. ನಿನ್ನೆ ನಾನು ಫೋಟೋಗೆ ಅಂತ ಆರಿಸಿದ್ದೂ ಅದನ್ನೇ, ನಾಚ್ಕೆ ಆಗ್ತಿದೆ. ಈಗ ಅದನ್ನ ಎಲ್ಲಿಡ್ಲಿ?

ಹಳೇ_ಕಪಾಟು:
ಭೇಷ್! ಎಲ್ಲಿಂದ ಬಂತೋ ಗೊತ್ತಾಗೋವರೆಗೂ ಅದೇ ಡ್ರಾಯರಲ್ಲೇ ಇರಲಿ, ಆದ್ರೆ ಬೇರೆ ಡಬ್ಬಿಲಿ. ಒಳಗೊಂದು ಚೀಟಿ ಹಾಕಿ, ಇಂಥ ನಂಬರಿನ ಡಬ್ಬಿಯಲ್ಲಿ ಸಿಕ್ತು, ರಿಜಿಸ್ಟರ್ ಪ್ರಕಾರ ಮೂರೇ ಇರ್ಬೇಕು, ಇದಕ್ಕೆ ನಂಬರೂ ಗೋಂದೂ ಇಲ್ಲ ಅಂತ. ಅಂದಾಜು ಬರೀಬೇಡಿ, ಕಂಡಿದ್ದು ಮಾತ್ರ. ಪೆನ್ಸಿಲ್‌ನಲ್ಲಿ ಬರೀರಿ. ಅಕ್ಕಪಕ್ಕದ ಡಬ್ಬಿಗಳನ್ನೂ ಎಣಿಸಿ ನೋಡಿ, ಎಲ್ಲಾದ್ರೂ ಒಂದು ಕಮ್ಮಿ ಇದ್ರೂ ಇರ್ಬಹುದು.

ಡ್ರಾಯರ್_ಕೀಲಿ:
ಬರೆದೆ, ತಾರೀಖೂ ಹಾಕಿದೆ. ನನ್ನ ಹೆಸರೂ ಹಾಕ್ಲಾ? ಇನಿಷಿಯಲ್ ಸಾಕಲ್ವಾ?

ಹಳೇ_ಕಪಾಟು:
ಪೂರ್ತಿ ಹಾಕಿ. ಒಂದು ಲೇಬಲ್ ಮೇಲಿದ್ದ ಎರಡಕ್ಷರದ ಇನಿಷಿಯಲ್ ಯಾರದ್ದು ಅಂತ ಹುಡುಕ್ತಾ ನಾನು ಒಂದೂವರೆ ವರ್ಷ ಕಳೆದಿದೀನಿ, ಇನ್ನೂ ಸಿಕ್ಕಿಲ್ಲ.