ಎಚ್‌ಆರ್ ಸಾಫ್ಟ್‌ವೇರ್ ತರಬೇಕೆಂದಿದ್ದೇವೆ, ತಂದವರ ಅನುಭವ ಬೇಕು

ನಮಸ್ಕಾರ. ನಮ್ಮದು ಬೈಕಂಪಾಡಿಯಲ್ಲಿ ಗೇರುಬೀಜದ ಫ್ಯಾಕ್ಟರಿ. ಅಲ್ಲಿ 160 ಜನ, ಹೆಚ್ಚಿನವರು ಹೆಂಗಸರು. ಮಂಗಳೂರು ಆಫೀಸಿನಲ್ಲಿ 22 ಜನ, ಉಡುಪಿ ಹತ್ತಿರ ಒಂದು ಸಣ್ಣ ಗೋದಾಮು. ಹಾಜರಿ ಪುಸ್ತಕದಲ್ಲಿ, ಸಂಬಳ ಎಕ್ಸೆಲ್‌ನಲ್ಲಿ, ರಜೆ ಕೇಳುವುದು ವಾಟ್ಸ್‌ಆ್ಯಪ್‌ನಲ್ಲಿ. ಎಲ್ಲವನ್ನೂ ನೋಡಿಕೊಳ್ಳುವ ಅಕೌಂಟೆಂಟ್ ಮಾರ್ಚ್‌ಗೆ ನಿವೃತ್ತರಾಗುತ್ತಾರೆ. ಎರಡು ಕಂಪನಿಯವರು ಡೆಮೊ ಕೊಟ್ಟು ಹೋದರು, ಎರಡೂ ಚಂದವೇ ಕಂಡಿತು. ಆರಿಸುವುದು ಹೇಗೆ? ತಂದ ಮೇಲೆ ನೀವು ಎಡವಿದ್ದು ಎಲ್ಲಿ? ದಯವಿಟ್ಟು ಹೇಳಿ.

ಕಾರ್ಕಳದಿಂದ, ಎಚ್‌ಆರ್ ನೋಡಿಕೊಳ್ಳುವವರು

ನಮ್ಮದೂ ಬೀಜದ ಫ್ಯಾಕ್ಟರಿಯೇ ಸರ್. ನೀವೀಗ ಪಡುತ್ತಿರುವ ಪಾಡನ್ನು ಮೂರು ವರ್ಷದ ಹಿಂದೆ ನಾನು ಪಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎರಡೂ ಡೆಮೊ ಚಂದ ಕಂಡದ್ದು ಅದರಲ್ಲಿ ಇದ್ದವರು ಅವರದೇ ಮಾದರಿ ನೌಕರರಾದ್ದರಿಂದ. ತಿಂಗಳಿಗೆ ಇಷ್ಟು ಸಂಬಳ, ಎರಡು ದಿನ ರಜೆ, ಮುಗಿಯಿತು. ಅಂಥವರ ಸಂಬಳವನ್ನು ಯಾವ ಸಾಫ್ಟ್‌ವೇರ್ ಬೇಕಾದರೂ ಮಾಡುತ್ತದೆ. ನೀವು ನಿಮ್ಮ ಅಕೌಂಟೆಂಟರ ಹತ್ತಿರ ಕುಳಿತು ಒಂದೇ ಪ್ರಶ್ನೆ ಕೇಳಿ: ಪ್ರತಿ ತಿಂಗಳು ಯಾವ ಐದು ಜನರ ಲೆಕ್ಕಕ್ಕೆ ನೀವು ಹೆಚ್ಚು ಹೊತ್ತು ಕೂರುತ್ತೀರಿ? ಹೆಸರು ತೆಗೆದು ಆ ಐವರ ಆರು ತಿಂಗಳ ನಿಜವಾದ ಲೆಕ್ಕವನ್ನು ಡೆಮೊ ಕೊಡುವವರ ಮುಂದಿಡಿ. ನಿಮ್ಮೆದುರೇ ಮಾಡಿ ತೋರಿಸಲಿ.

ನಮ್ಮ ಐವರಲ್ಲಿ ಒಬ್ಬರು ಅರ್ಧ ತಿಂಗಳು ಕೆ.ಜಿ. ಲೆಕ್ಕದಲ್ಲಿ ಸಿಪ್ಪೆ ತೆಗೆಯುತ್ತಾರೆ, ಉಳಿದರ್ಧ ದಿನಗೂಲಿಯಲ್ಲಿ ಗ್ರೇಡಿಂಗ್. ಇದನ್ನು ಒಂದೇ ಚೀಟಿಯಲ್ಲಿ ತರಲಿಕ್ಕೆ ಒಂದು ಕಂಪನಿಯವರಿಗೆ ಆಗಲೇ ಇಲ್ಲ. ಇನ್ನೊಬ್ಬರು ಸೂಪರ್‌ವೈಸರ್, ಜುಲೈಯಲ್ಲಿ ಅವರ ಸಂಬಳ 21,000 ದಾಟಿತ್ತು. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮಿತಿ ದಾಟಿದರೂ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಮುಗಿಯುವ ತನಕ ಅವರಿಂದ 0.75 ಶೇಕಡಾ, ಕಂಪನಿಯಿಂದ 3.25 ಶೇಕಡಾ ಕಟ್ಟಲೇಬೇಕು. ಒಂದು ಡೆಮೊದಲ್ಲಿ ಜುಲೈಗೇ ಕಡಿತ ನಿಂತುಹೋಯಿತು. ಅಲ್ಲಿಗೆ ಆ ಕಂಪನಿಯವರನ್ನು ಬಿಟ್ಟೆವು. ಹಾಗೆಯೇ ಫೆಬ್ರವರಿಯ ಚೀಟಿಯನ್ನೂ ತೆಗೆಸಿ ನೋಡಿ. 25,000 ಮತ್ತು ಮೇಲಿನ ಸಂಬಳಕ್ಕೆ ನಮ್ಮ ರಾಜ್ಯದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಇದು 2025ರ ಏಪ್ರಿಲ್‌ನಿಂದ ಬಂದದ್ದು. ಚೀಟಿಯಲ್ಲಿ ಇನ್ನೂ 200 ಎಂದೇ ಇದ್ದರೆ ಕಾನೂನು ಬದಲಾದಾಗ ಅವರು ತಿದ್ದುವುದಿಲ್ಲ ಎಂದು ಗೊತ್ತಾಗುತ್ತದೆ.

ನಾವು ಎಡವಿದ್ದು ಬೇರೆ ಕಡೆ. ಮೊದಲ ತಿಂಗಳು ಹಳೆಯ ಎಕ್ಸೆಲ್, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಸಂಬಳ ಮಾಡಿದೆವು. ಸಂಬಳ ಕಡಿತದ ರಜೆ ಇದ್ದ ಒಬ್ಬರದ್ದೂ ತಾಳೆಯಾಗಲಿಲ್ಲ. ಹುಡುಕಲಿಕ್ಕೆ ಎರಡು ದಿನ ಹೋಯಿತು. ನಾವು ತಿಂಗಳ ಸಂಬಳವನ್ನು 26ರಿಂದ ಭಾಗಿಸುತ್ತಿದ್ದೆವು, ಸಾಫ್ಟ್‌ವೇರಿನಲ್ಲಿ 30 ಎಂದಿತ್ತು. 18,200 ಸಂಬಳದವರು ಎರಡು ದಿನ ಬಾರದಿದ್ದರೆ ನಮ್ಮ ಲೆಕ್ಕಕ್ಕೆ 1,400 ಕಡಿತ, ಅದರ ಲೆಕ್ಕಕ್ಕೆ 1,213. ತಪ್ಪು ಸಾಫ್ಟ್‌ವೇರಿನದ್ದಲ್ಲ. ನಮ್ಮ ನಿಯಮ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ನಿಮ್ಮ ಅಕೌಂಟೆಂಟ್ ಮಾರ್ಚ್‌ಗೆ ಹೋಗುತ್ತಾರೆ ಎಂದು ಓದಿದಾಗ ನನಗೆ ಹೆದರಿಕೆಯಾದದ್ದು ಇದಕ್ಕೇ. ಸಾಫ್ಟ್‌ವೇರ್ ಎರಡು ತಿಂಗಳು ತಡವಾಗಲಿ, ಅಡ್ಡಿಯಿಲ್ಲ. ಅವರು ಹೋಗುವ ಮೊದಲು ಎಲ್ಲವನ್ನೂ ಬರೆಸಿಕೊಳ್ಳಿ: ಓಟಿ ಎಷ್ಟು ಗಂಟೆಯ ಮೇಲೆ, ಬಸ್ಸು ತಪ್ಪಿ ತಡವಾದರೆ ಎಷ್ಟು ನಿಮಿಷ ಬಿಡುವುದು, ಮನೆಯ ದೈವದ ನೇಮಕ್ಕೆ ಹೋದವರ ರಜೆ ಯಾವ ಲೆಕ್ಕಕ್ಕೆ, ಚೌತಿಗೆ ಕೊಟ್ಟ ಮುಂಗಡ ಎಷ್ಟು ಕಂತಿನಲ್ಲಿ ಹಿಡಿಯುವುದು.

ಮತ್ತೆ ಹೆಸರುಗಳು. ನಮ್ಮಲ್ಲಿ ಡಿಸೋಜ ಎನ್ನುವುದನ್ನು ಆಧಾರ್‌ನಲ್ಲಿ ಕೂಡಿಸಿ, ಬ್ಯಾಂಕಿನಲ್ಲಿ ಡಿ ಬಿಡಿಸಿ, ಪಿಎಫ್‌ನಲ್ಲಿ ನಡುವೆ ಚಿಹ್ನೆ ಹಾಕಿ ಬರೆದಿದ್ದರು. ಒಂದು ಕಡೆ ಪೂಜಾರ್ತಿ ಎಂದಿದ್ದರೆ ಇನ್ನೊಂದು ಕಡೆ ಪೂಜಾರಿ, ಒಂದು ಕಡೆ ಶೆಡ್ತಿ, ಇನ್ನೊಂದು ಕಡೆ ಶೆಟ್ಟಿ. ಪಿಎಫ್ ಖಾತೆಯ ಸಂಖ್ಯೆ ಯುಎಎನ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಹೊಂದದಿದ್ದರೆ ಇಪ್ಪತ್ತು ವರ್ಷ ದುಡಿದ ಹೆಂಗಸು ಪಿಎಫ್ ತೆಗೆಯುವ ದಿನ ಆಫೀಸಿನಿಂದ ಆಫೀಸಿಗೆ ಅಲೆಯಬೇಕು. ಹಾಗಾಗಿ ಮಾಹಿತಿ ತುಂಬುವ ಮೊದಲು ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಆಧಾರ್ ನೋಡಿ, ತಿದ್ದುಪಡಿಗೆ ಹಾಕಿದೆವು. ಒಂದೂವರೆ ತಿಂಗಳು ಹಿಡಿಯಿತು. ಆ ಸಾಫ್ಟ್‌ವೇರ್ ನಾಳೆ ಬೇಡವಾದರೂ ಈ ಕೆಲಸ ಉಳಿಯುತ್ತದೆ.

ಮಲ್ಪೆಯಿಂದ, ಮೀನು ಸಂಸ್ಕರಣೆ ಘಟಕದ ಅಕೌಂಟ್ಸ್

ಮೇಡಂ ಹೇಳಿದ್ದಕ್ಕೆ ದುಡ್ಡಿನ ವಿಷಯ ಒಂದು ಸೇರಿಸುತ್ತೇನೆ. ಹೆಚ್ಚಿನವರು ತಿಂಗಳಿಗೆ ತಲೆಗಿಷ್ಟು ಎಂದು ದರ ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ, ಆಗ ನಮ್ಮ ಘಟಕದಲ್ಲಿ ಜನ ಬಹಳ ಕಡಿಮೆ. ಆದರೆ ನಾವು ಸಹಿ ಹಾಕಿದ ಒಪ್ಪಂದದಲ್ಲಿ ವರ್ಷವಿಡೀ ಇಷ್ಟು ತಲೆಗೆ ಕಮ್ಮಿಯಿಲ್ಲ ಎಂದಿತ್ತು. ಇಲ್ಲದ ಜನರಿಗೂ ಎರಡು ತಿಂಗಳು ಕಟ್ಟಿದೆವು. ಕನಿಷ್ಠ ಸಂಖ್ಯೆ ಎಷ್ಟು, ಬಿಟ್ಟುಹೋದವರ ಹಳೆಯ ದಾಖಲೆಗೂ ದುಡ್ಡು ಹಿಡಿಯುತ್ತಾರಾ, ಹಾಜರಿ ಯಂತ್ರ ಜೋಡಿಸಲಿಕ್ಕೆ ಬೇರೆ ಬಿಲ್ಲಾ, ಇದನ್ನೆಲ್ಲ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಪ್ರಯೋಗಕ್ಕೆ ಕೆಲಸ ಕಡಿಮೆ ಇರುವ ತಿಂಗಳು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾವು ಜುಲೈಯಲ್ಲಿ ನೋಡಿದಾಗ ಎಲ್ಲ ಸರಿಯಿತ್ತು, ಸೆಪ್ಟೆಂಬರ್‌ನಲ್ಲಿ ರಾತ್ರಿ ಪಾಳಿ ಶುರುವಾದಾಗ ಹಾಜರಿ ಎರಡು ದಿನಕ್ಕೆ ಹರಿದು ಹಂಚಿಹೋಯಿತು. ಜನ ತುಂಬಿರುವ ತಿಂಗಳಲ್ಲಿಯೇ ನೋಡಿ.

ನಿಮಗೆ ಉಡುಪಿ ಗೋದಾಮು ಬೇರೆ ಉಂಟಲ್ಲ, ರಜೆ ಪಟ್ಟಿ ಜಾಗಕ್ಕೊಂದು ಇಡಲಿಕ್ಕೆ ಆಗುತ್ತದಾ ಕೇಳಿ. ಇಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಜನ ಬರುವುದಿಲ್ಲ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣ ಮಠದ ಪರ್ಯಾಯಕ್ಕೂ ಇಲ್ಲ. ಮಂಗಳೂರಿನಲ್ಲಿ ಸೆಪ್ಟೆಂಬರ್ 8ರ ಕ್ರೈಸ್ತರ ಮೊಂತಿ ಹಬ್ಬಕ್ಕೆ ರಜೆ ಕೇಳುವವರು ಹೆಚ್ಚು.

ಮಣಿಪಾಲದಿಂದ, ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್

ಸೇರುವಾಗ ಎಲ್ಲರೂ ಕೇಳುತ್ತಾರೆ, ಬಿಡುವಾಗ ಏನಾಗುತ್ತದೆ ಎಂದು ನಾವು ಕೇಳಲಿಲ್ಲ. ಹಿಂದಿನ ಸಾಫ್ಟ್‌ವೇರಿನಿಂದ ಹೊರಗೆ ಬರುವಾಗ ನಾಲ್ಕು ವರ್ಷದ ಸಂಬಳದ ಚೀಟಿಗಳನ್ನು ಪಿಡಿಎಫ್ ಮಾಡಿ ಕೊಟ್ಟರು, ಎಕ್ಸೆಲ್‌ನಲ್ಲಿ ಬೇಕೆಂದರೆ ಪ್ರತ್ಯೇಕ ದುಡ್ಡು ಕೇಳಿದರು. ಆ ಅಂಕಿಗಳನ್ನು ನಮ್ಮ ಹುಡುಗಿಯರು ಕೈಯಲ್ಲಿ ತುಂಬಿದರು. ಡೆಮೊ ದಿನವೇ ಎಲ್ಲ ಮಾಹಿತಿಯನ್ನು ಹೊರಗೆ ಇಳಿಸಿ ತೋರಿಸಿ ಎನ್ನಿ. ಆಧಾರ್, ಬ್ಯಾಂಕ್ ವಿವರ, ಕಾಯಿಲೆಯ ರಜೆಯ ಚೀಟಿ ಎಲ್ಲ ಅದರೊಳಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ಪ್ರಕಾರ ಆ ಮಾಹಿತಿಯ ಹೊಣೆ ನಮ್ಮದೇ, ಸಾಫ್ಟ್‌ವೇರಿನವರ ಮೇಲೆ ಹಾಕಿ ಕೂರಲಿಕ್ಕಾಗುವುದಿಲ್ಲ. ಯಾರಿಗೆ ಯಾರ ಸಂಬಳ ಕಾಣುತ್ತದೆ ಎಂದು ಒಬ್ಬ ಸೂಪರ್‌ವೈಸರ್ ಲಾಗಿನ್‌ನಿಂದ ಒಳಹೊಕ್ಕು ನೋಡಿ.

ಇನ್ನೊಂದು: 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಕೆಲಸ ಬಿಟ್ಟವರ ವೇತನದ ಬಾಕಿ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಇವೆರಡನ್ನೂ ಮಾಡಿ ತೋರಿಸಲು ಹೇಳಿ.

ಗ್ರೇಟ್‌ಎಚ್‌ಆರ್, ಕೆಕಾ, ಜೋಹೋ ಮೂರನ್ನೂ ನಿಮ್ಮ ಐವರ ಲೆಕ್ಕ ಹಿಡಿದು ನೋಡಬಹುದು. ಕಂಪ್ಯೂಟರ್ ಬಲ್ಲ ಹುಡುಗರು ಕೈಯಳತೆಯಲ್ಲಿದ್ದರೆ ಫ್ರಾಪೆ ಎಚ್‌ಆರ್ ಮುಕ್ತ ತಂತ್ರಾಂಶ, ಅದನ್ನೂ ನೋಡಿ. ಆಫೀಸಿನ 22 ಜನಕ್ಕೆ ಯಾವುದಾದರೂ ನಡೆದೀತು, ಫ್ಯಾಕ್ಟರಿಗೆ ಹೊಂದುವುದನ್ನೇ ಮೊದಲು ಆರಿಸಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆಯಿಂದಲೇ ಅಕೌಂಟೆಂಟರ ಹತ್ತಿರ ಕೂರುತ್ತೇನೆ. ಕಾರ್ಕಳದ ಮೇಡಂ, ಒಂದು ಕೇಳಬೇಕಿತ್ತು. ಬೆರಳಚ್ಚು ಯಂತ್ರ ನಿಮ್ಮಲ್ಲಿ ನಡೆಯುತ್ತದಾ? ಹೆಂಗಸರು ಮೊಬೈಲಿನಲ್ಲಿ ಚೀಟಿ ನೋಡುತ್ತಾರಾ?

ಕಾರ್ಕಳದಿಂದ

ಬೆರಳಚ್ಚು ಬೇಡ ಸರ್. ಬೀಜ ಒಡೆಯುವವರ ಬೆರಳು ಅದರ ಎಣ್ಣೆಗೆ ಸುಟ್ಟು ಗೆರೆಯೇ ಸವೆದಿರುತ್ತದೆ. ನಮ್ಮಲ್ಲಿ ಮೂವತ್ತು ವರ್ಷದಿಂದ ಒಂದು ದಿನ ತಪ್ಪದೆ ಬರುವ ಒಬ್ಬರನ್ನು ಯಂತ್ರ ಮೊದಲ ವಾರ ನಾಲ್ಕು ದಿನ ಗೈರುಹಾಜರಿ ಎಂದು ತೋರಿಸಿತು. ಅವರು ಏನೂ ಹೇಳಲಿಲ್ಲ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ನನಗೆ ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಆಮೇಲೆ ಕಾರ್ಡಿಗೆ ಬದಲಾಯಿಸಿದೆವು. ಯಂತ್ರ ತೆಗೆದುಕೊಳ್ಳುವಾಗ ಕರೆಂಟು, ನೆಟ್‌ವರ್ಕ್ ಇಲ್ಲದಾಗಲೂ ಹಾಜರಿ ಒಳಗೆ ಉಳಿಸಿಕೊಳ್ಳುವಂಥದ್ದೇ ಬೇಕು ಎನ್ನಿ, ಮಳೆಗಾಲದಲ್ಲಿ ಅದಿಲ್ಲದೆ ಆಗುವುದಿಲ್ಲ.

ಮೊಬೈಲ್ ಇದ್ದವರೂ ಚೀಟಿ ಕಾಗದದಲ್ಲೇ ಕೇಳುತ್ತಾರೆ, ಮನೆಗೆ ಒಯ್ದು ಮಕ್ಕಳ ಹತ್ತಿರ ಓದಿಸಲಿಕ್ಕೆ. ಕನ್ನಡದಲ್ಲಿ ಚೀಟಿ ಮುದ್ರಿಸಲಿಕ್ಕೆ ಆಗುತ್ತದಾ ಎಂದು ಕೇಳಿ. ನಮ್ಮವರು ಮೊದಲು ಇಲ್ಲ ಎಂದರು, ಮೂರು ಸಲ ಕೇಳಿದ ಮೇಲೆ ಮಾಡಿಕೊಟ್ಟರು. ಈಗ ಸಂಬಳದ ದಿನ ಪಿಎಫ್ ಯಾಕೆ ಇಷ್ಟು ಹೋಯಿತು ಎಂದು ಕೇಳುವವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ.