ಫೋಟೋ ಸೈಟ್ ಪದೇ ಪದೇ ಬಂದ್: ಜಾಗ ಸಾಲುತ್ತಿಲ್ಲವೋ, ಬ್ಯಾಂಡ್‌ವಿಡ್ತ್ ಸೋರುತ್ತಿದೆಯೋ?

ತಿಕೋಟಾ_ತೋಟ:
ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಸೇರಿ ರೋಗದ ಫೋಟೋಗಳ ಒಂದು ಸೈಟ್ ನಡೆಸುತ್ತಿದ್ದೇವೆ. ಎಲೆ ಮೇಲೆ ಏನಾದರೂ ಕಂಡರೆ ಫೋಟೋ ಹಾಕುತ್ತಾರೆ. ಬಲ್ಲವರು ನೋಡಿ ಇದು ಡೌನಿ, ಇದು ಬೂದಿ ರೋಗ ಅಂತ ಹೇಳುತ್ತಾರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಒಂದು ಮಳೆ ಬಿತ್ತೆಂದರೆ ಫೋಟೋ ಹಾಕುವವರಿಗೆ ಲೆಕ್ಕವೇ ಇರುವುದಿಲ್ಲ.

ನಮ್ಮ ಹೋಸ್ಟಿಂಗ್ ಪ್ಲಾನ್‌ನಲ್ಲಿ 20 ಜಿಬಿ ಜಾಗ, ತಿಂಗಳಿಗೆ 200 ಜಿಬಿ ಬ್ಯಾಂಡ್‌ವಿಡ್ತ್ (ನೋಡುವವರಿಗೆ ಸೈಟ್‌ನಿಂದ ಹೋಗುವ ಡೇಟಾ) ಇದೆ. ಜಾಗ ತುಂಬುತ್ತಾ ಬಂದಿದೆ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ತಿಂಗಳು ಮುಗಿಯುವ ಮೊದಲೇ 509 ಅಂತ, ಅಂದರೆ ಬ್ಯಾಂಡ್‌ವಿಡ್ತ್ ಮಿತಿ ಮೀರಿದೆ ಅಂತ, ಎರರ್ ಬಂದು ಸೈಟ್ ಬಂದ್ ಆಗುತ್ತದೆ. ರೋಗ ಜಾಸ್ತಿ ಇರುವ ದಿನಗಳಲ್ಲೇ ಹೀಗೆ. ಹೋಸ್ಟಿಂಗ್‌ನವರನ್ನು ಕೇಳಿದರೆ ದೊಡ್ಡ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ.

ಜಮಖಂಡಿ_ಹುಡುಗ:
ಯಾವುದಾದರೂ ಫ್ರೀ ಇಮೇಜ್ ಸೈಟ್‌ಗೆ ಹಾಕಿ ಲಿಂಕ್ ಕೊಟ್ಟುಬಿಡಿ ಕಾಕಾ. ಇಲ್ಲವೇ ಎಲ್ಲ ಜೆಪೆಗ್ ಫೋಟೋಗಳನ್ನೂ ನೂರಕ್ಕೆ ಕ್ವಾಲಿಟಿ 40ಕ್ಕೆ ಇಳಿಸಿ, ಎರಡೂ ಸಮಸ್ಯೆ ಒಂದೇ ಏಟಿಗೆ ಮುಗಿಯುತ್ತವೆ.

ಬೆಳಗಾವಿ_ಬ್ಯಾಕೆಂಡ್:
ಫ್ರೀ ಸೈಟ್ ಬೇಡ ತಮ್ಮಾ. ಫೋಟೋಬಕೆಟ್ 2017ರಲ್ಲಿ ನಿಯಮ ಬದಲಿಸಿ, ಬೇರೆ ಸೈಟ್‌ಗಳಲ್ಲಿ ಫೋಟೋ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಿ ಅಂದಿತು. ಎಷ್ಟೋ ವರ್ಷಗಳ ಹಳೆಯ ಫೋಟೋಗಳ ಜಾಗದಲ್ಲಿ ಒಂದು ನೋಟಿಸ್ ಚಿತ್ರ ಬಂದು ಕೂತಿತು. ಇಮ್ಗರ್ 2023ರಲ್ಲಿ, ಖಾತೆ ಇಲ್ಲದೆ ಹಾಕಿದ, ಯಾರೂ ನೋಡದ ಹಳೆಯ ಚಿತ್ರಗಳನ್ನು ತೆಗೆಯುತ್ತೇವೆ ಅಂದಿತು. ರೋಗದ ಫೋಟೋಗೆ ಬೆಲೆ ಬರುವುದೇ ಮುಂದಿನ ವರ್ಷ ಹೋಲಿಸಿ ನೋಡುವಾಗ. ಅದು ಇನ್ನೊಬ್ಬರ ಕೈಯಲ್ಲಿ ಇರಬಾರದು.

ತಿಕೋಟಾದವರೇ, ಜಾಗದ ಸಮಸ್ಯೆ ಬೇರೆ, ಬ್ಯಾಂಡ್‌ವಿಡ್ತ್ ಸಮಸ್ಯೆ ಬೇರೆ. ಫೋಟೋ ಜಾಗ ಹಿಡಿಯುವುದು ಒಂದೇ ಸಲ. ಬ್ಯಾಂಡ್‌ವಿಡ್ತ್ ಮಾತ್ರ ನೋಡಿದಷ್ಟೂ ಸಲ ಖರ್ಚಾಗುತ್ತದೆ. ಸುಮ್ನೆ ಲೆಕ್ಕ ಹಾಕಿ: ಒಂದು ಪುಟದಲ್ಲಿ 4 ಎಂಬಿಯ 40 ಫೋಟೋ ಇದ್ದರೆ 160 ಎಂಬಿ. ಆ ಪುಟವನ್ನು 1250 ಸಲ ತೆರೆದರೆ ನಿಮ್ಮ 200 ಜಿಬಿ ಮುಗಿಯಿತು. ಆಕ್ಸೆಸ್ ಲಾಗ್ (ಯಾರು ಏನು ಕೇಳಿದರು ಅಂತ ಸರ್ವರ್ ಬರೆದಿಡುವ ದಾಖಲೆ) ತೆಗೆಯಿರಿ. ಪ್ರತಿ ಸಾಲಿನಲ್ಲೂ ಫೈಲ್ ಹೆಸರು, ಎಷ್ಟು ಬೈಟ್ ಹೋಯಿತು, ಯಾವ ಪುಟದಿಂದ ಕೇಳಿದರು ಅನ್ನುವುದು ಇರುತ್ತದೆ. ಫೈಲ್‌ವಾರು ಕೂಡಿಸಿ, ಮೊದಲ ಇಪ್ಪತ್ತು ಹೆಸರು ನೋಡಿ ಹೇಳಿರಿ.

ತಿಕೋಟಾ_ತೋಟ:
ನೋಡಿದೆ ಸರ್. ಎಲ್ಲಕ್ಕಿಂತ ಮೇಲೆ ಇರುವುದು ಒಂದೇ ಒಂದು ಎಲೆಯ ಫೋಟೋ! ಔಷಧಿ ಮಾರುವ ಯಾವುದೋ ಸೈಟ್ ಅದನ್ನು ತನ್ನ ಮೊದಲ ಪುಟದಲ್ಲೇ ಹಾಕಿಕೊಂಡಿದೆ. ಕಾಪಿ ಕೂಡ ಮಾಡಿಕೊಂಡಿಲ್ಲ, ನೇರ ನಮ್ಮ ಸರ್ವರ್‌ನಿಂದಲೇ ಎಳೆಯುತ್ತಿದೆ. ಮಾಲು ಅವರದು, ಬಾಡಿಗೆ ನಮ್ಮದು.

ಅದರ ಕೆಳಗಿನವೆಲ್ಲ ನಮ್ಮ ಪಟ್ಟಿ ಪುಟದ ಫೋಟೋಗಳೇ. ಮೊಬೈಲ್‌ನಿಂದ ಬಂದದ್ದು ಬಂದ ಹಾಗೇ ಇವೆ, 4000 ಕ್ಕೆ 3000 ಪಿಕ್ಸೆಲ್. ಕಾಣುವುದು ಬೆರಳಷ್ಟು ಚಿತ್ರ, ಇಳಿಯುವುದು ಮಾತ್ರ ಪೂರ್ತಿ.

ಕ್ವಾಲಿಟಿ 40 ಒಂದು ಫೋಟೋ ಮೇಲೆ ನೋಡಿದೆವು, ಉಪಯೋಗವಿಲ್ಲ. ಡೌನಿ ಬಂದಾಗ ಎಲೆ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಹಿಂಬದಿಯಲ್ಲಿ ಬಿಳಿ ಬೂಷ್ಟು ಕಾಣಬೇಕು. ಆ ಬೂಷ್ಟು ಕಲಸಿಹೋಗಿ, ಔಷಧಿ ಹೊಡೆದು ಉಳಿದ ಬಿಳಿ ಕಲೆಯ ಹಾಗೆ ಕಾಣುತ್ತದೆ.

ಬೆಳಗಾವಿ_ಬ್ಯಾಕೆಂಡ್:
ಮೊದಲು ಸೋರಿಕೆ ನಿಲ್ಲಿಸಿ. ಹೋಸ್ಟಿಂಗ್ ನಿಭಾಯಿಸಲು ಸಿಪ್ಯಾನೆಲ್ ಇದ್ದರೆ ಅದರಲ್ಲಿ ಹಾಟ್‌ಲಿಂಕ್ ಪ್ರೊಟೆಕ್ಷನ್ (ಬೇರೆ ಸೈಟ್ ನಿಮ್ಮ ಚಿತ್ರ ನೇರ ಎಳೆಯದಂತೆ ತಡೆ) ಅಂತ ಇದೆ, ಆನ್ ಮಾಡಿ. ಅಲ್ಲಿ ಡೈರೆಕ್ಟ್ ರಿಕ್ವೆಸ್ಟ್‌ಗೆ (ಚಿತ್ರದ ಲಿಂಕನ್ನೇ ನೇರ ತೆರೆಯುವುದಕ್ಕೆ) ಅನುಮತಿ ಕೊಡುವ ಟಿಕ್ ಇರುತ್ತದೆ, ಅದನ್ನು ಹಾಕಲೇಬೇಕು. ಇಲ್ಲದಿದ್ದರೆ ನಿಮ್ಮವರೇ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದಾಗ ಚಿತ್ರ ಕಾಣದೇ ಹೋಗಬಹುದು. ಆ ಒಂದು ಎಲೆಯ ಫೈಲ್ ಹೆಸರನ್ನೂ ಬದಲಿಸಿಬಿಡಿ. ಅವರಿಗೆ ಪತ್ರ ಬರೆದು ಜಗಳ ಮಾಡುವುದು ಆಮೇಲಿನ ಮಾತು.

ಈಗ ನಿಜವಾದ ಕೆಲಸ. ಪ್ರತಿ ಫೋಟೋಗೆ ಎರಡು ಸಣ್ಣ ಪ್ರತಿ ಮಾಡಿಸಿ. ಪಟ್ಟಿಗೆ 320 ಪಿಕ್ಸೆಲ್ ಅಗಲದ್ದು, ಸುಮಾರು 20 ಕೆಬಿ. ತೆರೆದು ನೋಡಲು 1600 ಪಿಕ್ಸೆಲ್‌ನದು, ಕ್ವಾಲಿಟಿ 80 ಇಟ್ಟರೆ ಸಾಮಾನ್ಯವಾಗಿ ಅರ್ಧ ಎಂಬಿ ಒಳಗೇ. ಆಗ 40 ಫೋಟೋದ ಅದೇ ಪುಟ 160 ಎಂಬಿಯಿಂದ 1 ಎಂಬಿ ಒಳಗೆ ಬರುತ್ತದೆ. ಜೆಪೆಗ್ ಬದಲು ವೆಬ್‌ಪಿ ಅನ್ನುವ ಫಾರ್ಮ್ಯಾಟ್ ಮಾಡಿದರೆ ಇನ್ನೂ ಕಾಲು ಭಾಗದಷ್ಟು ಇಳಿಯುತ್ತದೆ, ಆದರೆ ಮೊದಲ ದಿನವೇ ಅದರ ಹಿಂದೆ ಬೀಳಬೇಡಿ. ಲಾಭ ಇರುವುದು ಪಿಕ್ಸೆಲ್ ಇಳಿಸುವುದರಲ್ಲಿ. ಅದಕ್ಕೆ ಇಮೇಜ್‌ಮ್ಯಾಜಿಕ್ ಅನ್ನುವ ತಂತ್ರಾಂಶ ಸಾಕು. ಒಂದು ಎಚ್ಚರಿಕೆ: ಅದರ ಮಾಗ್ರಿಫೈ ಕಮಾಂಡ್ ಮೂಲ ಫೈಲ್ ಮೇಲೆಯೇ ಬರೆಯುತ್ತದೆ. ಬೇರೆ ಫೋಲ್ಡರ್ ತೋರಿಸದೆ ಓಡಿಸಿದರೆ ಮೂಲವೇ ಹೋಯಿತು.

ರೋಗ ಗುರುತಿಸಲು ಪೂರ್ತಿ ಎಲೆ ದೊಡ್ಡದಾಗಿ ಬೇಕಿಲ್ಲ ಅಲ್ವಾ? ಕಲೆಯ ಸುತ್ತಲಿನ 1000 ಪಿಕ್ಸೆಲ್ ಚೌಕವನ್ನು ಮೂಲದಿಂದ ಕತ್ತರಿಸಿ, ಕುಗ್ಗಿಸದೆ ಇಡಿ. ಬೂಷ್ಟು ಸ್ಪಷ್ಟ ಕಾಣುತ್ತದೆ. ನನ್ನ ಪ್ರಕಾರ ಇದು ಪೂರ್ತಿ 4 ಎಂಬಿ ಫೋಟೋಗಿಂತ ಉಪಯೋಗಕ್ಕೆ ಬರುತ್ತದೆ.

ಮೂಲ ಫೋಟೋಗಳನ್ನು ಈ ಸರ್ವರ್‌ನಲ್ಲಿ ಇಡಬೇಕಿಲ್ಲ. ಆಬ್ಜೆಕ್ಟ್ ಸ್ಟೋರೇಜ್‌ಗೆ (ಫೈಲ್ ಇಡಲೆಂದೇ ಇರುವ ಆನ್‌ಲೈನ್ ಉಗ್ರಾಣ) ಸಾಗಿಸಿ. ಕ್ಲೌಡ್‌ಫ್ಲೇರ್ ಆರ್2ದಲ್ಲಿ ಮೊದಲ 10 ಜಿಬಿ ಉಚಿತ, ಆಮೇಲೆ ತಿಂಗಳಿಗೆ ಜಿಬಿಗೆ 0.015 ಡಾಲರ್. ಡೌನ್‌ಲೋಡ್ ಆದ ಡೇಟಾಗೆ ಬೇರೆ ಶುಲ್ಕ ಇಲ್ಲ, ನಿಮ್ಮಂಥವರಿಗೆ ಅದೇ ಮುಖ್ಯ. ಚಿತ್ರಗಳ ಕ್ಯಾಶ್ ಅವಧಿಯನ್ನು (ನೋಡುವವರ ಬ್ರೌಸರ್ ಚಿತ್ರವನ್ನು ತನ್ನಲ್ಲೇ ಉಳಿಸಿಕೊಳ್ಳುವ ಕಾಲ) ಒಂದು ವರ್ಷ ಇಡಿ. ಚಿತ್ರ ಬದಲಾದರೆ ಫೈಲ್ ಹೆಸರೂ ಬದಲಾಗಬೇಕು, ಇಲ್ಲದಿದ್ದರೆ ಜನರಿಗೆ ಹಳೆಯದೇ ಕಾಣುತ್ತದೆ.

ಮಲಪ್ರಭಾ_ದಂಡೆ:
ಒಂದು ಸೇರಿಸುತ್ತೇನೆ. ಅಪ್‌ಲೋಡ್ ಆಗುವ ಮೊದಲೇ ಬ್ರೌಸರ್‌ನಲ್ಲೇ ಇರುವ ಕ್ಯಾನ್ವಾಸ್ ಅನ್ನುವ ಸೌಲಭ್ಯ ಬಳಸಿ ಫೋಟೋ ಕುಗ್ಗಿಸಬಹುದು. ತೋಟದಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ 4 ಎಂಬಿ ಹತ್ತುವುದಿಲ್ಲ ನೋಡಿರಿ. ಆದರೆ ಕಲೆಯ ಚೌಕವನ್ನು ಕುಗ್ಗಿಸುವ ಮೊದಲೇ ಕತ್ತರಿಸಿಕೊಳ್ಳಬೇಕು.

ತಿಕೋಟಾ_ತೋಟ:
ಹಾಟ್‌ಲಿಂಕ್ ಮುಚ್ಚಿದೆವು, ಸಣ್ಣ ಪ್ರತಿಗಳೂ ಆದವು. ಬ್ಯಾಂಡ್‌ವಿಡ್ತ್ ಗ್ರಾಫ್ ನೆಲಕ್ಕಿಳಿದಿದೆ. ಆದರೆ ಕೆಲವು ಎಲೆಗಳು ಅಡ್ಡ ಮಲಗಿವೆ. ಮೂಲದಲ್ಲಿ ನೆಟ್ಟಗಿದ್ದವು.

ಮಲಪ್ರಭಾ_ದಂಡೆ:
ಮೊಬೈಲ್ ಹೇಗೆ ಹಿಡಿದರು ಅನ್ನುವುದು ಫೋಟೋದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ. ನೀವು ಇಮೇಜ್‌ಮ್ಯಾಜಿಕ್‌ನಲ್ಲಿ ಸ್ಟ್ರಿಪ್ (ಆ ಮಾಹಿತಿ ತೆಗೆಯುವ ಆಯ್ಕೆ) ಹಾಕಿದಾಗ ಅದು ಅಳಿಸಿಹೋಗಿದೆ. ಆಟೋ ಓರಿಯೆಂಟ್ (ಆ ಮಾಹಿತಿ ನೋಡಿ ಚಿತ್ರ ನೆಟ್ಟಗೆ ಮಾಡುವ ಆಯ್ಕೆ) ಮೊದಲು, ಸ್ಟ್ರಿಪ್ ಆಮೇಲೆ, ಈ ಕ್ರಮದಲ್ಲಿ ಮೂಲದಿಂದ ಮತ್ತೆ ಓಡಿಸಿ. ಸ್ಟ್ರಿಪ್ ಹಾಕುವುದನ್ನು ಮಾತ್ರ ಬಿಡಬೇಡಿ. ಎಕ್ಸಿಫ್‌ನಲ್ಲಿ ತೋಟದ ಜಿಪಿಎಸ್ ಕೂಡ ಇರಬಹುದು. ಯಾರ ತೋಟಕ್ಕೆ ರೋಗ ಬಂದಿದೆ ಅನ್ನುವುದು ವ್ಯಾಪಾರಿಗೆ ಮೊದಲೇ ಗೊತ್ತಾದರೆ ರೇಟು ಇಳಿಸಿಯೇ ಮಾತಾಡುತ್ತಾನೆ.